ಮಿಂಚುವೀರನ ಕೇಪಿಗೆ ನಾನು ಹಾಕಿದ ಗಟ್ಟಿ ಹೊಲಿಗೆ

ಹಾರುವ ಮನುಷ್ಯನಿಗೆ ಚಡ್ಡಿ ಹೊಲಿದುಕೊಟ್ಟು ಹೆಸರು ಮಾಡಿದವಳು ನಾನು. ಹೆಸರು ಅಂದರೆ ದೊಡ್ಡದೇನಲ್ಲ. ಧಾರಾವಾಹಿ ಮುಗಿದ ಮೇಲೆ, ಊಟ ಸರಬರಾಜು ಮಾಡಿದವರ ಹೆಸರೂ ಬಂದುಹೋದ ಮೇಲೆ, ಸೋಪಿನ ಜಾಹೀರಾತು ಶುರುವಾಗುವ ಮುಂಚೆ, ರೆಪ್ಪೆ ಬಡಿಯುವಷ್ಟರಲ್ಲಿ ಹಾದುಹೋಗುತ್ತಿದ್ದ ‘ವಸ್ತ್ರ: ಲಲಿತಾ’ ಎಂಬ ಒಂದು ಸಾಲು. ಆ ಸಾಲನ್ನು ನನ್ನ ತಾಯಿ ಒಬ್ಬರೇ ಓದುತ್ತಿದ್ದದ್ದು. ಅವರೂ ಅರ್ಧ ಸಲ ಕನ್ನಡಕ ಹುಡುಕುವುದರಲ್ಲಿ ತಪ್ಪಿಸಿಕೊಳ್ಳುತ್ತಿದ್ದರು.

ಅಂತೂ ಜೀವಮಾನವಿಡೀ ಟಿ.ವಿ.ಯವರಿಗೆ ಬಟ್ಟೆ ಹೊಲಿದೆ. ರಾಜರಿಗೆ, ಪೊಲೀಸರಿಗೆ, ಅಳುವ ಸೊಸೆಯರಿಗೆ, ಅಳಿಸುವ ಅತ್ತೆಯರಿಗೆ. ಮೂರು ವರ್ಷದ ಹಿಂದೆ ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯವರನ್ನು ಕರೆಯುವ ಸ್ಥಿತಿ ಬಂದಾಗ ಕೆಲಸ ಬಿಟ್ಟೆ. ಈಗ ಕಾಸ್ಟ್ಯೂಮ್ ಡಿಸೈನ್ ಓದುವ ಹುಡುಗಿಯರು ಬಸವನಗುಡಿಯ ನಮ್ಮ ಮನೆಗೆ ಆಗಾಗ ಬರುತ್ತಾರೆ. ಕೈಯಲ್ಲಿ ದೊಡ್ಡ ಡ್ರಾಯಿಂಗ್ ಪುಸ್ತಕ, ಕಿವಿಯಲ್ಲಿ ಪುಟ್ಟ ಕತ್ತರಿಯ ಆಕಾರದ ಓಲೆ.

“ಮೇಡಂ, ನಿಮ್ಮ ಪ್ರೊಸೆಸ್ ಹೇಗಿತ್ತು?” ಎಂದು ಕೇಳುತ್ತಾರೆ.

ಬೆಳಿಗ್ಗೆ ಆರಕ್ಕೆ ಹೋಗಿ ಬೈಸಿಕೊಳ್ಳುವುದು, ಸಂಜೆ ಆರಕ್ಕೆ ಹೊರಡುವಾಗ ಇನ್ನೊಮ್ಮೆ ಬೈಸಿಕೊಳ್ಳುವುದು, ಅದೇ ಪ್ರೊಸೆಸ್ಸು ಅಂದರೆ ನಗುತ್ತಾರೆ. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಳ್ಳುತ್ತಾರೆ ಪಾಪ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಿಕ್ಕ ಶಾಲು, ಹಾರ, ಹಣ್ಣಿನ ಬುಟ್ಟಿಗಳ ವಿಷಯ ಬಿಟ್ಟುಬಿಡುತ್ತೇನೆ. ಹಣ್ಣು ಆವತ್ತೇ ಖರ್ಚಾಯಿತು, ಶಾಲುಗಳನ್ನು ಹುಳು ತಿಂದವು. ಒಂದು ಧಾರಾವಾಹಿಯ ಒಂದೇ ಒಂದು ಕಂತಿನ ಕಥೆ ಹೇಳುತ್ತೇನೆ, ಅದೇ ಸಾಕು.

ಧಾರಾವಾಹಿಯ ಹೆಸರು ‘ಮಿಂಚುವೀರ’. ಮೂವತ್ತೈದು ವರ್ಷದ ಹಿಂದಿನ ಮಾತು ಅಂತಿಟ್ಟುಕೊಳ್ಳಿ. ಆಗ ಮನೆಗಳಲ್ಲಿ ಇದ್ದದ್ದೇ ಒಂದು ಚಾನೆಲ್ಲು, ಹಾಗಾಗಿ ಏನು ತೋರಿಸಿದರೂ ಜನ ನೋಡುತ್ತಿದ್ದರು. ಆ ಧೈರ್ಯದ ಮೇಲೆಯೇ ‘ಮಿಂಚುವೀರ’ ತಯಾರಾದದ್ದು.

ನಿರ್ದೇಶಕರ ಹೆಸರು ಪ್ರಭಂಜನ. ಹುಟ್ಟಿದಾಗ ತಂದೆತಾಯಿ ಇಟ್ಟ ಹೆಸರು ಪುಟ್ಟಸ್ವಾಮಿ. ಚಾಮರಾಜಪೇಟೆಯಲ್ಲಿ ನಮ್ಮ ಬೀದಿಯಲ್ಲೇ ಇದ್ದರು. ನಾನು ಆಗ ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಬ್ಲೌಸು, ಲಂಗ ಹೊಲಿಯುತ್ತಿದ್ದೆ. ಹೆಂಡತಿಯ ಬ್ಲೌಸು ಒಯ್ಯಲು ಬಂದ ಪ್ರಭಂಜನ ಅವರು ಒಂದು ದಿನ ಬಾಗಿಲಲ್ಲೇ ನಿಂತು, “ಲಲಿತಾ ಅವ್ರೇ, ಹಾರೋವ್ನಿಗೆ ಬಟ್ಟೆ ಹೊಲೀತೀರಾ?” ಎಂದು ಕೇಳಿದರು.

“ಅಳತೆ ಕೊಟ್ರೆ ಯಾರಿಗಾದ್ರೂ ಹೊಲೀತೀನಿ ಸಾರ್” ಅಂದೆ. ನನ್ನ ವೃತ್ತಿಜೀವನದ ಸಂದರ್ಶನ ಇಷ್ಟೇ.

ನಿರ್ಮಾಪಕರು ಗೋವಿಂದೇಗೌಡರು. ಹಳ್ಳಿಯಿಂದ ಬಂದು ಕಲ್ಲಿನ ವ್ಯಾಪಾರದಲ್ಲಿ ಬೆಳೆದವರು. ಬಸವನಗುಡಿಯಲ್ಲಿ ಆಗಷ್ಟೇ ಒಂದು ಕಲ್ಯಾಣ ಮಂಟಪ ಕಟ್ಟಿಸುತ್ತಿದ್ದರು. “ನಮ್ ಮಕ್ಳು ಬರೀ ಫಾರಿನ್ನೋರು ಹಾರೋದನ್ನೇ ನೋಡ್ಬೇಕೇನ್ರೀ? ನಮ್ಮೋನೂ ಒಬ್ಬ ಹಾರ್ಲಿ” ಅನ್ನುವುದು ಅವರ ಸಿದ್ಧಾಂತ. ಒಳ್ಳೆಯ ಸಿದ್ಧಾಂತವೇ. ತೊಂದರೆ ಏನೆಂದರೆ, ಅವರು ಆರಿಸಿದ ನಾಯಕ ಮಧುಕರ ಅವರಿಗೆ ಸ್ಟೂಲಿನ ಮೇಲೆ ನಿಂತರೂ ತಲೆ ತಿರುಗುತ್ತಿತ್ತು. ಅಳತೆ ತೆಗೆದುಕೊಳ್ಳಲು ಒಂದು ದಿನ ಮಣೆಯ ಮೇಲೆ ನಿಲ್ಲಿಸಿದ್ದೆ. “ಮೇಡಂ, ಇಳೀಲಾ?” ಎಂದು ಎರಡು ಸಲ ಕೇಳಿದರು. ಚಂದದ ಮುಖ, ಗಂಭೀರ ಧ್ವನಿ, ಭೂಮಿಯ ಮೇಲೆ ಅಪಾರ ನಂಬಿಕೆ.

ಹಾಗಾಗಿ ಹಾರುವ ಕೆಲಸ ಮುನಿರಾಜುವಿನ ಪಾಲಿಗೆ ಬಂತು. ಓಕಳಿಪುರದವನು, ಇಪ್ಪತ್ತೈದು ಇಪ್ಪತ್ತಾರರ ವಯಸ್ಸು. ನಸುಕಿನಲ್ಲಿ ಮಾರ್ಕೆಟ್ಟಿನಲ್ಲಿ ತರಕಾರಿ ಮೂಟೆ ಹೊತ್ತು, ಆಮೇಲೆ ಗರಡಿಗೆ ಹೋಗಿ, ಆಮೇಲೆ ನಮ್ಮಲ್ಲಿಗೆ ಬರುತ್ತಿದ್ದ. ಮುಖವಾಡ ಹಾಕಿದರೆ ಮಧುಕರ ಯಾರು, ಮುನಿರಾಜು ಯಾರು ಅಂತ ಅವರ ತಾಯಂದಿರಿಗೂ ಗೊತ್ತಾಗುತ್ತಿರಲಿಲ್ಲ. ಮಾತಾಡುವಾಗ, ನಗುವಾಗ ಮಧುಕರ. ಬೀಳುವಾಗ, ಹಾರುವಾಗ, ಒದೆ ತಿನ್ನುವಾಗ ಮುನಿರಾಜು. ನ್ಯಾಯವಾದ ಹಂಚಿಕೆ.

ಬಟ್ಟೆಯ ವಿಚಾರಕ್ಕೆ ಬರೋಣ. ಮೈಗಂಟುವ ಉಡುಪಿಗೆ ಈಗ ನಿಮಗೆ ಎಳೆದರೆ ಹಿಗ್ಗುವ ಹತ್ತು ತರದ ಬಟ್ಟೆ ಸಿಗುತ್ತದೆ. ನಾನು ಬನಿಯನ್ ಬಟ್ಟೆ ತಂದು, ಬಚ್ಚಲ ಹಂಡೆಯಲ್ಲಿ ನೀಲಿ ಬಣ್ಣ ಕುದಿಸಿ ಅದ್ದಿದೆ. ಮೂರನೆಯ ಕಂತಿನಲ್ಲಿ ಮಳೆಯ ದೃಶ್ಯ. ಟ್ಯಾಂಕರ್ ನೀರು ಬಿದ್ದದ್ದೇ ತಡ, ಬಣ್ಣವೆಲ್ಲ ಇಳಿದು ಮಧುಕರ ಅವರ ಕತ್ತು, ಕೈ, ಕಿವಿ ನೀಲಿಯಾದವು. ಉಡುಪು ಮಾತ್ರ ಬಿಳಿ. ನಾನು ಕೆಲಸ ಹೋಯಿತು ಅಂತ ಸೂಜಿದಾರದ ಡಬ್ಬಿ ಕಟ್ಟುತ್ತಿದ್ದೆ. ಪ್ರಭಂಜನ ಅವರು ಗಡ್ಡ ಕೆರೆದುಕೊಂಡು ನೋಡಿ, “ಇರ್ಲಿ. ಜಗತ್ತಿನ ವಿಷ ಕುಡಿದ ಹಾಗಿದೆ. ಸಾಂಕೇತಿಕವಾಗಿದೆ” ಅಂದರು. ಆ ಕಂತನ್ನು ಹಾಗೆಯೇ ಬಿಟ್ಟರು. ಒಬ್ಬ ಮೇಷ್ಟ್ರು ಆ ನೀಲಿಯನ್ನು ಮೆಚ್ಚಿ ಕಾಗದ ಬರೆದರು.

ಮಕ್ಕಳೇ, ಒಂದು ತಿಳಿದುಕೊಳ್ಳಿ. ನಿಮ್ಮ ತಪ್ಪು ನಿರ್ದೇಶಕರಿಗೆ ಇಷ್ಟವಾದರೆ ಅದು ಅವರ ಕಲ್ಪನೆ. ಇಷ್ಟವಾಗದಿದ್ದರೆ ನಿಮ್ಮ ತಪ್ಪು.

ಒಂಬತ್ತನೆಯ ಕಂತಿನಲ್ಲಿ ಆದದ್ದು ಅವರಿಗೆ ಇಷ್ಟವಾಗಲಿಲ್ಲ. ಮಿಂಚುವೀರನ ಬೆನ್ನಿಗೆ ಒಂದು ಕೇಪು ಇರುತ್ತಿತ್ತು, ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಇಳಿಬೀಳುವ ಕೆಂಪು ಸ್ಯಾಟಿನ್ನು. ಅದನ್ನು ಭುಜದ ಹತ್ತಿರ, ಒತ್ತಿದರೆ ಕೂರುವ ಎರಡು ಟಿಚ್ ಬಟನ್ನಿನಿಂದ ಸಿಕ್ಕಿಸುತ್ತಿದ್ದೆ. ಹಾಕುವುದು ತೆಗೆಯುವುದು ಸುಲಭವಾಗಲಿ ಅಂತ, ಅಷ್ಟೇ. ಅಂದು ಮುನಿರಾಜು ಒಂದು ಮನೆಯ ಮಹಡಿಯಿಂದ ಹಾರಿದಾಗ ಎರಡೂ ಬಟನ್ ಕಳಚಿ, ಕೇಪು ತೇಲಿಕೊಂಡು ಹೋಗಿ ಕೆಳಗೆ ಎಳನೀರು ಮಾರುವವನ ಗಾಡಿಯ ಮೇಲೆ ಬಿತ್ತು. ಎದುರು ಮನೆಯ ಅಜ್ಜಿ ಅದನ್ನು ಕೊಡವಿ, ನೀಟಾಗಿ ಮಡಿಸಿ ತಂದು, “ನಿಮ್ಮದೇನಪ್ಪಾ ಈ ಲಂಗ?” ಎಂದು ಪ್ರಭಂಜನ ಅವರ ಕೈಗೆ ಕೊಟ್ಟರು. ಬೀದಿಗೆ ಬೀದಿಯೇ ನಕ್ಕಿತು. ಆಮೇಲೆ ಆ ದೃಶ್ಯ ಸರಿಹೋಗುವವರೆಗೆ ಮುನಿರಾಜು ಇನ್ನೂ ಐದು ಸಲ ಹಾರಿದ.

ಆ ‘ಲಂಗ’ ಎಂಬ ಮಾತು ಪ್ರಭಂಜನ ಅವರನ್ನು ಬಹಳ ಕಾಡಿತು. ಮರುದಿನ ನನ್ನನ್ನು ಕರೆಸಿದರು.

“ಸ್ಯಾಟಿನ್ ಬೇಡ. ಭಾರವಾದ ಬಟ್ಟೆ ಬೇಕು. ಗಾಳಿಗೆ ಗಾಂಭೀರ್ಯದಿಂದ ಅಲ್ಲಾಡ್ಬೇಕು. ಇನ್ನೊಂದು ವಿಷ್ಯ. ಅದು ಕಳಚಬಾರ್ದು. ಹಾರೋವ್ನ ಪ್ರಾಣ ಹೋದ್ರೂ ಕಳಚಬಾರ್ದು.”

“ಟಿಚ್ ಬಟನ್ ನಾಲ್ಕು ಹಾಕ್ತೀನಿ ಸಾರ್.”

“ಬಟನ್ನೇ ಬೇಡ ಅಂದೆ. ಹೊಲೀರಿ. ಮೈಗೇ ಹೊಲ್ದಂಗಿರ್ಲಿ.”

ಪಕ್ಕದಲ್ಲಿದ್ದ ಗೌಡರು, “ಮಂಟಪದ ಸ್ಟೇಜಿಗೆ ತಂದಿರೋ ವೆಲ್ವೆಟ್ ಪರದೆ ಎರಡಿದೆಯಲ್ಲಮ್ಮ, ಒಂದು ತಗೊಂಡ್ಹೋಗು. ಒಳ್ಳೆ ಮಾಲು, ಎಳೆದ್ರೂ ಹರಿಯಲ್ಲ” ಎಂದು ಧಾರಾಳವಾಗಿ ಅಪ್ಪಣೆ ಕೊಟ್ಟರು.

ಹೀಗೆ ಮದುಮಕ್ಕಳ ಹಿಂದೆ ತೂಗಬೇಕಾಗಿದ್ದ ಪರದೆ ಮಿಂಚುವೀರನ ಬೆನ್ನು ಸೇರಿತು. ಚೆನ್ನಾಗಿ ಕೂರಲಿ ಅಂತ ಕುತ್ತಿಗೆಯ ಪಟ್ಟಿಯೊಳಗೆ ಗಟ್ಟಿ ಕ್ಯಾನ್ವಾಸ್ ಬಟ್ಟೆ ಕೊಟ್ಟೆ. ನೈಲಾನ್ ದಾರದಲ್ಲಿ ಎರಡು ಸುತ್ತು ಮಿಷನ್ ಹೊಲಿಗೆ, ಅದರ ಮೇಲೆ ಒಂದು ಸುತ್ತು ಕೈಹೊಲಿಗೆ. ಕೆಳಗಿನ ಅಂಚನ್ನೂ ಮಡಿಸಿ ಗಟ್ಟಿ ಮಾಡಿದೆ. ಎಳೆದು ನೋಡಿದೆ, ಜಗ್ಗಿ ನೋಡಿದೆ. ನನ್ನ ಕೈಯ ಕೆಲಸದ ಬಗ್ಗೆ ನನಗೆ ಅಷ್ಟು ಹೆಮ್ಮೆಯಾದದ್ದು ಅದಕ್ಕೆ ಮುಂಚೆ ಇಲ್ಲ, ಆಮೇಲೂ ಇಲ್ಲ.

ಹನ್ನೊಂದನೆಯ ಕಂತಿನ ಚಿತ್ರೀಕರಣ ಗೌಡರ ಮಂಟಪದಲ್ಲೇ. ಮೂರನೆಯ ಮಹಡಿಯ ಕೆಲಸ ಇನ್ನೂ ಮುಗಿದಿರಲಿಲ್ಲ. ಖಳನಾಯಕ ಅಲ್ಲಿ ಬಾಂಬು ಇಟ್ಟಿದ್ದಾನೆ, ಮಿಂಚುವೀರ ಬಾಂಬನ್ನು ಎತ್ತಿಕೊಂಡು ಮೇಲಿನಿಂದ ಧುಮುಕುತ್ತಾನೆ, ಇದು ದೃಶ್ಯ. ಮುನಿರಾಜುವಿನ ಸೊಂಟಕ್ಕೆ ಬಟ್ಟೆಯ ಒಳಗಿಂದ ಒಂದು ದಪ್ಪ ಬೆಲ್ಟು, ಬೆಲ್ಟಿಗೆ ಹಗ್ಗ, ಹಗ್ಗ ಒಂದು ರಾಟೆಯ ಮೇಲೆ ಹಾದು ನಾಲ್ಕು ಜನರ ಕೈಯಲ್ಲಿ. ಆ ನಾಲ್ವರಿಗೆ ಮೇಸ್ತ್ರಿ ದಾಸಪ್ಪ. ಪ್ರಭಂಜನ ಅವರು ಕೆಳಗೆ ಬೀದಿಯಲ್ಲಿ ಕ್ಯಾಮೆರಾ ಪಕ್ಕ ನಿಂತಿರುತ್ತಾರೆ. ಅವರು ಒಂದು ಸೀಟಿ ಊದಿದರೆ ಹಗ್ಗ ಬಿಡಬೇಕು, ಎರಡು ಊದಿದರೆ ಹಿಡಿಯಬೇಕು. “ಬೇರೆ ಯಾರ ಮಾತೂ ಕೇಳ್ಬೇಡಿ. ದೇವ್ರೇ ಬಂದು ಹೇಳಿದ್ರೂ ಕೇಳ್ಬೇಡಿ” ಎಂದು ದಾಸಪ್ಪನಿಗೆ ತಾಕೀತಾಗಿತ್ತು.

ಬೆಳಿಗ್ಗೆ ಹತ್ತರ ಹೊತ್ತಿಗೆ ಮುನಿರಾಜುವಿಗೆ ಉಡುಪು ಹಾಕಿದೆ. ಕೇಪು ಈಗ ಉಡುಪಿಗೇ ಹೊಲಿದಿದ್ದರಿಂದ ಎರಡನ್ನೂ ಒಟ್ಟಿಗೆ ತಲೆಯ ಮೇಲಿಂದ ಇಳಿಸಬೇಕಿತ್ತು. ಅವನು ಕುತ್ತಿಗೆಯ ಪಟ್ಟಿಯೊಳಗೆ ಎರಡು ಬೆರಳು ತೂರಿಸಿ ಎಳೆದು ನೋಡಿದ.

“ಅಕ್ಕ, ಇದನ್ನ ಬಿಚ್ಕೊಳ್ಳೋದು ಹೆಂಗೆ?”

ಹುಡುಗಿಯರೇ, ಈ ಪ್ರಶ್ನೆಗೆ ನಾನು ಕೊಟ್ಟ ಉತ್ತರವನ್ನು ಹೋದ ವರ್ಷದವರೆಗೆ ಯಾರಿಗೂ ಹೇಳಿರಲಿಲ್ಲ. ನನಗೆ ಅವಸರವಿತ್ತು. ಮೇಲಾಗಿ, ಚುರುಕಾಗಿ ಮಾತಾಡುತ್ತೇನೆ ಅನ್ನುವ ಜಂಬ ನನಗೆ ಆಗಲೂ ಇತ್ತು.

“ಬಿಚ್ಕೊಳ್ಳೋಕಲ್ಲಪ್ಪಾ ಹೊಲ್ದಿರೋದು, ಹಾರೋಕೆ” ಅಂದೆ.

ಅವನು ನಕ್ಕ. ಸುತ್ತ ಇದ್ದವರೂ ನಕ್ಕರು. ಮುಖವಾಡ ಹಾಕಿಕೊಂಡು ಮೇಲೆ ಹೋದ.

ನಾನೂ ಟೆರೇಸಿಗೆ ಹೋದೆ. ಹಾರುವ ಮುಂಚೆ ಕೇಪನ್ನು ಅಗಲವಾಗಿ ಹರಡಿ ಬಿಡುವುದು ನನ್ನ ಕೆಲಸ. ಹರಡಿ, ಒಂದು ಪಕ್ಕಕ್ಕೆ ಸರಿದು ನಿಂತೆ. ಕೆಳಗಿನಿಂದ ಒಂದು ಸೀಟಿ. ಮುನಿರಾಜು ಹಾರಿದ. ಕೇಪು ಎಷ್ಟು ಗಾಂಭೀರ್ಯದಿಂದ ಎದ್ದಿತು ಅಂದರೆ ಒಂದು ಕ್ಷಣ ನನಗೆ ನಿಜವಾಗಿಯೂ ರೋಮಾಂಚನವಾಯಿತು. ಅಷ್ಟರಲ್ಲಿ ಅದರ ಅಂಚು, ಮುಗಿಯದ ಕಂಬದಿಂದ ಹೊರಕ್ಕೆ ಬಾಗಿದ್ದ ಒಂದು ಕಬ್ಬಿಣದ ಕಂಬಿಗೆ ಸಿಕ್ಕಿಕೊಂಡಿತು.

ಬೇರೆ ಬಟ್ಟೆಯಾಗಿದ್ದರೆ ಚರ್ರನೆ ಹರಿಯುತ್ತಿತ್ತು. ಬೇರೆಯವರ ಹೊಲಿಗೆಯಾಗಿದ್ದರೆ ಬಿಚ್ಚುತ್ತಿತ್ತು. ಗೌಡರ ಮಾಲು, ನನ್ನ ಹೊಲಿಗೆ, ಎರಡೂ ಗಟ್ಟಿ. ದಾಸಪ್ಪನ ಕಡೆಯವರು ಹಗ್ಗ ಬಿಡುತ್ತಲೇ ಇದ್ದರು. ಹಗ್ಗ ಸಡಿಲವಾಗಿ ಸೊಂಟದ ಬೆಲ್ಟಿಗೆ ಹಿಡಿತವೇ ಇಲ್ಲದಾಯಿತು. ಆ ಆಳಿನ ಪೂರಾ ಭಾರ ಕುತ್ತಿಗೆಯ ಪಟ್ಟಿಯ ಮೇಲೆ ಬಿತ್ತು.

ಬಗ್ಗಿ ನೋಡಿದೆ. ಮುನಿರಾಜು ಪ್ಯಾರಪೆಟ್ಟಿನ ಕೆಳಗೆ ನೇತಾಡುತ್ತಿದ್ದ. ಎರಡು ಕೈಯಲ್ಲೂ ಕುತ್ತಿಗೆಯನ್ನು ಹಿಡಿದುಕೊಂಡು ಕಾಲು ಬಡಿಯುತ್ತಿದ್ದ.

“ಎಳೀರಿ! ಹಗ್ಗ ಎಳೀರಿ!” ಎಂದು ಕಿರುಚಿದೆ.

ಹಗ್ಗದವರಿಗೆ ಅಂಚು ಕಾಣುತ್ತಿರಲಿಲ್ಲ. ದಾಸಪ್ಪ ತಿರುಗಿ ನೋಡಿ, “ಸೀಟಿ ಆಗಿಲ್ವಲ್ಲಮ್ಮ” ಅಂದ.

“ಸಾಯ್ತಾನೆ ಕಣಯ್ಯಾ!”

“ಡೈರೆಕ್ಟ್ರು ಊದ್ಲಿ ಅಮ್ಮ, ಆಮೇಲೆ ನಮ್ಗೆ ಬೈತಾರೆ.”

ಡೈರೆಕ್ಟರು ಬೀದಿಯಲ್ಲಿ ಕುಣಿಯುತ್ತಿದ್ದರು. “ಹಾಗೇ! ಹಾಗೇ! ಕಾಲು ಇನ್ನೂ ಜೋರಾಗಿ! ಅದ್ಭುತ!” ಸೀಟಿ ಅವರ ಕೈಯಲ್ಲಿತ್ತು. ಬಾಯಿ ಖಾಲಿ ಇರಲಿಲ್ಲ.

ನನ್ನ ಸೊಂಟದಲ್ಲಿ ಯಾವಾಗಲೂ ಒಂದು ಕತ್ತರಿ ತೂಗುತ್ತಿತ್ತು. ಪ್ಯಾರಪೆಟ್ಟಿನ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ಕಂಬಿಯ ಹತ್ತಿರ ಕೈ ಚಾಚಿದೆ. ಬಿಗಿದು ನಿಂತ ವೆಲ್ವೆಟ್ ಮೇಲೆ ಕತ್ತರಿ ಜಾರಿತು. ಮತ್ತೆ ಹಾಕಿದೆ. ಸ್ವಲ್ಪ ಕತ್ತರಿಸಿತು, ಮತ್ತೆ ಜಾರಿತು. ಹಿಂದಿನ ದಿನ ಎಳೆದೆಳೆದು ನೋಡಿ ಹೆಮ್ಮೆಪಟ್ಟಿದ್ದ ಅದೇ ಬಟ್ಟೆಯನ್ನು, ಹಲ್ಲು ಕಚ್ಚಿಕೊಂಡು, ಹಾಳಾಗ್ಹೋಗು ಹಾಳಾಗ್ಹೋಗು ಅಂತ ಬೈಯುತ್ತಾ ಕತ್ತರಿಸಿದೆ. ಕೊನೆಯ ಎರಡು ಬೆರಳಿನಷ್ಟು ಪಟ್ಟಿ ತಾನಾಗಿಯೇ ಹರಿಯಿತು. ಮುನಿರಾಜು ಕೆಳಗೆ ಜಾರಿದ, ಹಗ್ಗ ಬಿಗಿಯಾಯಿತು, ಬೆಲ್ಟು ಹಿಡಿಯಿತು, ಜೋಲಿ ಹೊಡೆದು ಗೋಡೆಗೆ ಭುಜ ಬಡಿಯಿತು. ಆ ಸದ್ದು ನನಗೆ ಮೇಲೆ ಕೇಳಿಸಿತು.

ಆಗ ಎರಡು ಸೀಟಿ ಬಂತು. ಆಮೇಲೆ “ಕಟ್! ಓಕೆ!” ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು.

ಕೆಳಗಿಳಿಸಿ ಮುಖವಾಡ ತೆಗೆದಾಗ ಅವನ ಕಣ್ಣುಗಳು ಕೆಂಪಗೆ ಉಬ್ಬಿದ್ದವು. ಕುತ್ತಿಗೆಯ ಸುತ್ತ ಹಗ್ಗ ಕಟ್ಟಿದಂಥ ಗೆರೆ. ಏನೋ ಹೇಳಲು ನೋಡಿದ, ಗಾಳಿ ಮಾತ್ರ ಬಂತು. ಆಟೋದಲ್ಲಿ ಹತ್ತಿರದ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆವು. ಭುಜದ ಮೂಳೆ ಮುರಿದಿತ್ತು. ಗಂಟಲು ಒಳಗೆ ಊದಿಕೊಂಡಿತ್ತು. ಇನ್ನು ಸ್ವಲ್ಪ ಹೊತ್ತಾಗಿದ್ದರೆ ಕಷ್ಟವಿತ್ತು ಅಂದರು ಡಾಕ್ಟರು.

ಪ್ರಭಂಜನ ಅವರು ಬಂದರು. ಹಾಸಿಗೆಯ ಪಕ್ಕ ನಿಂತು, “ಮುನಿರಾಜು, ಇವತ್ತು ನೀನು ಆ್ಯಕ್ಟ್ ಮಾಡ್ದೆ ಕಣೋ” ಅಂದರು. ಆಮೇಲೆ ನನ್ನನ್ನು ಹೊರಗೆ ಕರೆದರು.

“ಕೇಪ್ ಯಾಕ್ರೀ ಕತ್ತರಿಸಿದ್ರಿ? ಅದೇ ಕೇಪಿನಲ್ಲಿ ನಾಳೆ ಮಧುಕರಂದು ಕ್ಲೋಸಪ್ ಇದೆ. ಕಂಟಿನ್ಯೂಟಿ ಏನಾಗ್ಬೇಕು?”

ಇದಕ್ಕೆ ಕೊಡಬಹುದಾಗಿದ್ದ ಎಂಟು ಹತ್ತು ಒಳ್ಳೆಯ ಉತ್ತರಗಳು ಮಾರನೆಯ ದಿನ ಬಸ್ಸಿನಲ್ಲಿ ಹೊಳೆದವು. ಆ ಹೊತ್ತಿನಲ್ಲಿ ಮಾತ್ರ “ಇನ್ನೊಂದು ಪರದೆ ಇದೆ ಸಾರ್” ಅಂತ ಹೇಳಿದೆ. ನಿಮಗೆ ನಾಚಿಕೆಯಾಗುತ್ತಿದೆಯೇ? ನನಗಂತೂ ಈಗಲೂ ಆಗುತ್ತದೆ.

ಗೌಡರು ಇನ್ನೊಂದು ಪರದೆ ಕೊಡಲಿಲ್ಲ. ಅವರು ಮಾತ್ರ ಆ ದಿನ ಕೂಗಾಡಿದರು, ಮಧ್ಯಾಹ್ನವೇ ಆಳು ಕರೆಸಿ ಆ ಕಂಬಿಗಳನ್ನೆಲ್ಲ ಕತ್ತರಿಸಿ ಹಾಕಿಸಿದರು. ಪರವಾಗಿಲ್ಲ, ಮನುಷ್ಯತ್ವ ಇದೆ ಅಂದುಕೊಂಡೆ. “ನಾಳೆ ಮದ್ವೆಗೆ ಬಂದೋರ ರೇಷ್ಮೆ ಸೀರೆ ಸಿಕ್ಕಾಕ್ಕೊಂಡು ಹರಿದ್ರೆ ಯಾರು ಜವಾಬ್ದಾರಿ?” ಅಂದಾಗ ಸಮಾಧಾನವಾಯಿತು. ಎಲ್ಲರೂ ತಮ್ಮ ತಮ್ಮ ಜಾಗದಲ್ಲೇ ಇದ್ದರು.

ಕತ್ತರಿಸಿದ ಕೇಪಿಗೆ ಪ್ರಭಂಜನ ಅವರೇ ದಾರಿ ಕಂಡುಹಿಡಿದರು. ಖಳನಾಯಕ ಮಂತ್ರದ ಕತ್ತಿಯಿಂದ ಅದನ್ನು ಕತ್ತರಿಸಿದ ಅಂತ ಒಂದು ಮಾತು ಸೇರಿಸಿದರು. ಕೇಪಿನ ಜೊತೆ ವೀರನ ಅರ್ಧ ಶಕ್ತಿಯೂ ಹೋಯಿತಂತೆ. ಹನ್ನೊಂದನೆಯ ಕಂತು ಪ್ರಸಾರವಾದಾಗ ನಾಡಿಗೆ ನಾಡೇ ಉಸಿರು ಬಿಗಿಹಿಡಿದು ನೋಡಿತು. ವೀರನೂ ಒದ್ದಾಡುತ್ತಾನೆ, ವೀರನೂ ನಮ್ಮಂತೆಯೇ ಅಂತ ಪತ್ರಿಕೆಯಲ್ಲಿ ಒಬ್ಬರು ಕಾಲಂ ತುಂಬ ಬರೆದರು. ಒಂದು ಸಂಘದವರು ಪ್ರಭಂಜನ ಅವರಿಗೆ ಏಲಕ್ಕಿ ಹಾರ ಹಾಕಿದರು. ಮಧುಕರ ಅವರಿಗೆ ಅಭಿಮಾನಿಗಳ ಕಾಗದ ಗೋಣಿಚೀಲದಲ್ಲಿ ಬಂತು. ದೃಶ್ಯ ನಡೆಯುವಾಗ ಅವರು ಕೆಳಗಿನ ಊಟದ ಹಾಲಿನಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದರು ಅನ್ನುವುದು ಕಾಗದ ಬರೆದವರಿಗೆ ಹೇಗೆ ಗೊತ್ತಾಗಬೇಕು?

ಅಷ್ಟು ಗಟ್ಟಿಯಾಗಿ ಹೊಲಿದವರು ಯಾರು ಅಂತ ಯಾರೂ ಕೇಳಲಿಲ್ಲ. ನಾನಾಗಿ ಹೇಳಲೂ ಇಲ್ಲ.

ಓಕಳಿಪುರಕ್ಕೆ ಎರಡು ಸಲ ಹೋದೆ, ಬ್ರೆಡ್ಡು ಮೂಸಂಬಿ ಹಿಡಿದುಕೊಂಡು. ರೈಲು ಹಳಿಯ ಹತ್ತಿರದ ಸಣ್ಣ ಮನೆ. ಮುನಿರಾಜು ಕೈಯನ್ನು ಬಟ್ಟೆಯ ಜೋಳಿಗೆಯಲ್ಲಿ ಕತ್ತಿಗೆ ತೂಗುಹಾಕಿಕೊಂಡು ಕೂತಿರುತ್ತಿದ್ದ. ಮಾತಿಲ್ಲ. ಚೆನ್ನಾಗಿದೀನಿ ಅಂತ ಸನ್ನೆ ಮಾಡುತ್ತಿದ್ದ. ಆ ಭುಜದಲ್ಲಿ ಇನ್ನು ಮೂಟೆ ಹೊರುವ ಹಾಗಿಲ್ಲ ಅಂತ ಅವನ ತಾಯಿ ಹೇಳಿದರು. ತಪ್ಪಾಯಿತು ಅನ್ನಬೇಕೆಂದು ಹೋಗಿದ್ದೆ. “ಎಳನೀರು ಕುಡಿ ಮುನಿರಾಜು, ಗಂಟಲಿಗೆ ಒಳ್ಳೇದು” ಎಂದು ಹೇಳಿ ಬಂದೆ, ಎರಡು ಸಲವೂ. ಮೂರನೆಯ ಸಲ ಹೋಗಲಿಲ್ಲ. ಬೇರೆ ಧಾರಾವಾಹಿ ಸಿಕ್ಕಿತು, ಅದರ ಹಿಂದೆ ಇನ್ನೊಂದು. ಯಾಕೆ ಹೋಗಲಿಲ್ಲ ಅನ್ನುವುದಕ್ಕೆ ನನ್ನ ಹತ್ತಿರ ಒಳ್ಳೆಯ ಕಾರಣವಿಲ್ಲ. ಇದ್ದಿದ್ದರೆ ಇಲ್ಲಿ ಬರೆಯುತ್ತಿದ್ದೆ.

ಆದರೆ ಕೆಲಸದಲ್ಲಿ ಒಂದು ಬದಲಾವಣೆ ಆಯಿತು. ಆವತ್ತಿನಿಂದ ಕುತ್ತಿಗೆಯ ಸುತ್ತ ಏನು ಹೊಲಿದರೂ, ಅದು ರಾಜನ ಶಾಲಾಗಲಿ ಕಳ್ಳನ ಕರವಸ್ತ್ರವಾಗಲಿ, ಒಂದು ಕೈಯಲ್ಲಿ ಎಳೆದರೆ ಕಿತ್ತು ಬರುವ ಹಾಗೆ ಹೊಲಿದೆ. ಮೇಲೆ ನೋಡಲು ಹೊಲಿಗೆ, ಒಳಗೆ ಟಿಚ್ ಬಟನ್. ಆಮೇಲೆ ಒತ್ತಿದರೆ ಅಂಟುವ, ಎಳೆದರೆ ಚರ್ರ್ ಅಂತ ಬಿಡುವ ವೆಲ್ಕ್ರೋ ಪಟ್ಟಿ ಬಂತು. ಅದರ ಸದ್ದಿಗೆ ಸೌಂಡಿನವರು ತಕರಾರು ಮಾಡಿದರು, ಮಾಡಿಕೊಳ್ಳಲಿ ಅಂತ ಬಿಟ್ಟೆ. ಈ ಹಟಕ್ಕೆ ಇಬ್ಬರು ನಿರ್ದೇಶಕರು ನನ್ನನ್ನು ತೆಗೆದುಹಾಕಿದರು. ಒಬ್ಬರಂತೂ, “ಲಲಿತಮ್ಮನ ಬಟ್ಟೆ ಹಾಕ್ಕೊಂಡ್ರೆ ಜೋರಾಗಿ ಕೆಮ್ಮೋ ಹಾಗಿಲ್ಲ” ಎಂದು ಹೋದಲ್ಲೆಲ್ಲ ಹೇಳುತ್ತಿದ್ದರು. ನನಗೆ ಸಿಕ್ಕ ಬಿರುದುಗಳಲ್ಲಿ ಅದೇ ಒಳ್ಳೆಯದು. ಈಗ ಕೇಪೂ ಇಲ್ಲ, ಹಗ್ಗವೂ ಇಲ್ಲ. ಎ.ಸಿ. ರೂಮಿನಲ್ಲಿ ಕೂತವರು ಎಲ್ಲವನ್ನೂ ಹಾರಿಸುತ್ತಾರೆ. ಹ್ಯಾಂಗ್ ಆದರೆ ಕಂಪ್ಯೂಟರ್ ಮಾತ್ರ ಆಗುತ್ತದೆ. ಸಂತೋಷ.

ಹೋದ ವರ್ಷ ಮಲ್ಲೇಶ್ವರದಿಂದ ಒಂದು ಫೋನು. ಹಳೆಯ ಟಿ.ವಿ. ಧಾರಾವಾಹಿಗಳ ಹುಚ್ಚಿರುವ ಕೆಲವು ಯುವಕರು ‘ಮಿಂಚುವೀರ’ನ ಟೇಪುಗಳನ್ನು ಹುಡುಕಿ ಸರಿಮಾಡಿದ್ದಾರಂತೆ. ಹನ್ನೊಂದನೆಯ ಕಂತನ್ನು ದೊಡ್ಡ ಪರದೆಯ ಮೇಲೆ ತೋರಿಸಿ ಮಧುಕರ ಅವರಿಗೆ ಸನ್ಮಾನವಂತೆ. “ಮೇಡಂ, ನೀವೂ ಎರಡು ಮಾತಾಡ್ಬೇಕು” ಅಂದ ಸಂಘಟಕ ಕಾರ್ತಿಕ್. ಪ್ರಭಂಜನ ಅವರೂ ಗೌಡರೂ ತೀರಿಕೊಂಡಿದ್ದರು. ಹಾಗಾಗಿ ವೇದಿಕೆ ತುಂಬಲು ಬಟ್ಟೆಯವಳೂ ಬೇಕಾಯಿತು.

ಹೋದೆ. ಹಾಲ್ ತುಂಬಿತ್ತು. ಪರದೆಯ ಮೇಲೆ ಮುನಿರಾಜು ಹಾರಿದ, ಸಿಕ್ಕಿಕೊಂಡ, ಒದ್ದಾಡಿದ. ಜನ ಶಿಳ್ಳೆ ಹಾಕಿದರು. ನಾನು ನನ್ನ ಕೈಗಳನ್ನು ನೋಡುತ್ತಾ ಕೂತೆ. ದೀಪ ಹತ್ತಿದ ಮೇಲೆ ಮಧುಕರ ಅವರು ಮೈಕ್ ಹಿಡಿದರು. ಎಪ್ಪತ್ತರಲ್ಲೂ ಧ್ವನಿ ಅದೇ ಗಂಭೀರ. “ಆ ಎತ್ತರದಲ್ಲಿ ನೇತಾಡುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಕನ್ನಡದ ಮಕ್ಕಳ ಮುಖ ಒಂದೇ” ಎಂದರು. ಹೇಳಿ ಹೇಳಿ ಅವರಿಗೇ ನಂಬಿಕೆ ಬಂದಿತ್ತು ಅಂತ ಕಾಣುತ್ತದೆ. ಕಣ್ಣಲ್ಲಿ ನಿಜವಾದ ನೀರಿತ್ತು.

ನನ್ನ ಸರದಿ ಬಂತು. ಎದ್ದು ನಿಂತು ಹೇಳಿದೆ: “ಅಲ್ಲಿ ನೇತಾಡ್ತಿದ್ದದ್ದು ಇವರಲ್ಲ. ಮುನಿರಾಜು ಅಂತ, ಓಕಳಿಪುರದವನು. ಅದು ನಟನೆಯೂ ಅಲ್ಲ. ಅವನು ನಿಜವಾಗಿಯೂ ಸಾಯ್ತಿದ್ದ. ಹಾಗೆ ಹೊಲಿದದ್ದು ನಾನು.”

ನಿರೂಪಕಿ ಮೈಕ್ ಕಸಿದುಕೊಂಡು, “ವಾವ್! ನಮ್ಮ ಲಲಿತಮ್ಮನವರ ಹಾಸ್ಯಪ್ರಜ್ಞೆ ನೋಡಿ!” ಅಂದಳು. ಎಲ್ಲರೂ ನಕ್ಕರು, ಚಪ್ಪಾಳೆ ತಟ್ಟಿದರು. ನನಗೂ ಒಂದು ಶಾಲು ಹೊದಿಸಿದರು. ಮೆಟ್ಟಿಲಿಳಿಯುವಾಗ ಮಧುಕರ ಅವರು ಮೆಲ್ಲಗೆ, “ಯಾಕೆ ಲಲಿತಮ್ಮಾ, ಈ ವಯಸ್ಸಲ್ಲಿ?” ಎಂದು ಕೇಳಿದರು. ಜಗಳದ ಧ್ವನಿಯಲ್ಲ, ಬೇಡಿಕೊಳ್ಳುವ ಧ್ವನಿ. ಪಾಪ ಅನ್ನಿಸಿತು.

ಕಾರ್ತಿಕ್ ಮಾತ್ರ ನಕ್ಕಿರಲಿಲ್ಲ. ಆಟೋ ಹತ್ತಿಸುವಾಗ, “ಮೇಡಂ, ಅವ್ರು ಈಗ ಎಲ್ಲಿದಾರೆ?” ಅಂದ. ಗೊತ್ತಿಲ್ಲ ಅನ್ನಬೇಕಾಯಿತು. ಅವನು ಆ ಕಂತನ್ನು ನನ್ನ ಮೊಬೈಲಿಗೆ ಹಾಕಿಕೊಟ್ಟ.

ಮುಂದಿನ ಭಾನುವಾರ ಬೆಳಿಗ್ಗೆ ಓಕಳಿಪುರಕ್ಕೆ ಹೋದೆ. ಹಳೆಯ ಮನೆ ಇರಲಿಲ್ಲ. ಗರಡಿಯಲ್ಲಿ ಕೇಳಿದರೆ ಎರಡು ಬೀದಿ ಆಚೆ ಇಸ್ತ್ರಿ ಅಂಗಡಿ ತೋರಿಸಿದರು. ಮುನಿರಾಜು ತೆಳ್ಳಗಾಗಿದ್ದ, ತಲೆ ನರೆತಿತ್ತು, ಬಲಭುಜ ಸ್ವಲ್ಪ ಇಳಿದಿತ್ತು. ಎಡಗೈಯಲ್ಲಿ ಇಸ್ತ್ರಿಪೆಟ್ಟಿಗೆ ತಳ್ಳುತ್ತಿದ್ದ. ನನ್ನನ್ನು ನೋಡಿದವನೇ ಪೆಟ್ಟಿಗೆ ಎತ್ತಿಟ್ಟ.

“ಅಕ್ಕ!” ಅಂದ. ಧ್ವನಿ ಪೂರ್ತಿ ವಾಪಸು ಬಂದಿರಲಿಲ್ಲ, ಕಾಗದ ಉಜ್ಜಿದ ಹಾಗಿತ್ತು.

ಹೆಂಡತಿ ಯಶೋದಮ್ಮ ಒಳಗಿಂದ ಸ್ಟೂಲು ತಂದರು. ಈ ಸಲ ಎಳನೀರಿನ ಮಾತೆತ್ತಲಿಲ್ಲ. ಕೂತ ಕೂಡಲೇ ಹೇಳಿದೆ: “ಮುನಿರಾಜು, ಆವತ್ತು ನೀನು ಬಿಚ್ಕೊಳ್ಳೋದು ಹೆಂಗೆ ಅಂತ ಕೇಳ್ದೆ. ನಾನು ತಮಾಷೆ ಮಾಡ್ಬಿಟ್ಟೆ. ತಪ್ಪಾಯ್ತಪ್ಪ.”

ಅವನು ತಲೆ ಕೆರೆದುಕೊಂಡ. “ಹೌದಾ ಅಕ್ಕ? ಕೇಳಿದ್ನಾ? ನಂಗೆ ನೆನಪೇ ಇಲ್ಲ. ಕತ್ರಿ ಸದ್ದು ನೆನಪಿದೆ.”

“ಯಾವ ಕತ್ರಿ? ಏನ್ ವಿಷ್ಯ ಇದು?” ಅಂದರು ಯಶೋದಮ್ಮ.

ಮುನಿರಾಜು ನನ್ನ ಕಡೆ ಬೇಡ ಬೇಡ ಅಂತ ಕಣ್ಣು ಮಿಟುಕಿಸಿದ. ತಡವಾಗಿತ್ತು. ನಾನಾಗಲೇ ಮೊಬೈಲ್ ತೆಗೆದಿದ್ದೆ. ಮೂವರೂ ಇಸ್ತ್ರಿ ಮೇಜಿಗೆ ಬಗ್ಗಿ ನೋಡಿದೆವು. ನೀಲಿ ಉಡುಪಿನ ಮನುಷ್ಯ ಹಾರಿದ, ಸಿಕ್ಕಿಕೊಂಡ. ಯಶೋದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮುಗಿದ ಮೇಲೆ ಗಂಡನ ಕಡೆ ತಿರುಗಿದರು.

“ಮಾರ್ಕೆಟ್ಟಲ್ಲಿ ಲಾರಿ ಮೇಲಿಂದ ಬಿದ್ದೆ ಅಂದಿದ್ರಲ್ರೀ! ಮದ್ವೆ ಆದಾಗ್ಲಿಂದ ಲಾರಿ ಲಾರಿ ಅಂತಿದೀರಲ್ರೀ!”

“ಹೆಣ್ಣು ನೋಡೋಕೆ ಬಂದಾಗ ಏನಂತ ಹೇಳ್ಲೇ? ಪ್ಯಾಂಟ್ ಮೇಲೆ ಕೆಂಪು ಚಡ್ಡಿ ಹಾಕ್ಕೊಂಡು, ಪರದೆ ಕಟ್ಕೊಂಡು ನೇತಾಡ್ತಿದ್ದೆ ಅಂತ ಹೇಳಿದ್ರೆ ನಿಮ್ಮಪ್ಪ ಹೆಣ್ಣು ಕೊಡ್ತಿದ್ರಾ?”

ನಾನು ನಕ್ಕುಬಿಟ್ಟೆ. ಯಶೋದಮ್ಮ ನಗಲಿಲ್ಲ. ಹತ್ತಿರ ಬಂದು ನನ್ನ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ಕಾಫಿ ಮಾಡಲು ಒಳಗೆ ಹೋದರು.

ಮುನಿರಾಜು ಇನ್ನೊಂದು ಸಲ ಹಾಕಲು ಹೇಳಿದ. ಅವನು ಈ ಕಂತನ್ನು ನೋಡಿಯೇ ಇರಲಿಲ್ಲ. ಪ್ರಸಾರವಾದಾಗ ಅವರ ಮನೆಯಲ್ಲಿ ಟಿ.ವಿ. ಇರಲಿಲ್ಲ, ಆಮೇಲೆ ನೋಡುವ ಮನಸ್ಸಿರಲಿಲ್ಲ. ಈಗ ಕಣ್ಣು ಕಿರಿದು ಮಾಡಿಕೊಂಡು ಪೂರ್ತಿ ನೋಡಿದ. ಅವನು ಸಿಕ್ಕಿಕೊಂಡಲ್ಲಿಂದ ಬಿಡಿಸಿಕೊಳ್ಳುವವರೆಗೆ ಹತ್ತೊಂಬತ್ತು ಸೆಕೆಂಡು.

“ಇಷ್ಟೇನಾ ಅಕ್ಕ?” ಅಂದ. “ಏನಾದ್ರೂ ಕಟ್ ಮಾಡಿದಾರಾ?”

“ಇಲ್ಲ. ಇಷ್ಟೇ.”

“ನಂಗೆ ಎಷ್ಟೋ ಹೊತ್ತು ನೇತಾಡ್ದಂಗಿತ್ತು.”

“ನನಗೂ ಅಷ್ಟೇ ಕಣೋ” ಅಂದೆ.

ಕಾಫಿ ಕುಡಿದು ಹೊರಡುವಾಗ ಯಶೋದಮ್ಮ ಆ ತುಣುಕನ್ನು ತಮ್ಮ ಮೊಬೈಲಿಗೆ ಕಳಿಸಿಕೊಡಿ ಅಂದರು. ಕಳಿಸಿದೆ. ಮನೆಗೆ ಬಂದು, ಊಟ ಮುಗಿಸಿ, ಮೊಬೈಲ್ ತೆಗೆದು ನೋಡಿದರೆ ಅವರ ಸ್ಟೇಟಸ್ಸಿನಲ್ಲಿ ಮಿಂಚುವೀರ ಹಾರುತ್ತಿದ್ದ. ಕೆಳಗೆ ಒಂದು ಸಾಲು ಬರೆದಿದ್ದರು: ‘ಒಳಗಿರೋದು ನಮ್ಮ ಯಜಮಾನ್ರು.’